ಬೈಲಹೊಂಗಲ ಉಪವಿಭಾಗದ ಸ್ವಭಾವ ಸರ್ವೆ

ಒಂದು ತಾಲೂಕಿನ ಮಂದಿಯ ಗುಣ ಎಂಥದು ಎಂದು ತಿಳಿಯಬೇಕಾದರೆ ಆ ತಾಲೂಕಿನವರನ್ನು ಕೇಳಬಾರದು. ಇದು ನಮ್ಮ ಶಾಸ್ತ್ರದ ಮೊದಲ ಸೂತ್ರ. ಕೇಳಿದರೆ ಅವರು ಹೇಳುವುದು ಒಂದೇ: 'ನಮ್ ಕಡಿ ಮಂದಿ ಭಾಳ ಸಾದಾ ರೀ.' ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಕಡೆ ಇದೇ ಉತ್ತರ ಬಂದದ್ದರಿಂದ ಆ ಉತ್ತರವನ್ನು ಲೆಕ್ಕದಿಂದ ಕೈಬಿಡಲಾಗಿದೆ. ಕೇಳಬೇಕಾದದ್ದು ಪಕ್ಕದ ತಾಲೂಕಿನವರನ್ನು. ಅದರಲ್ಲೂ ಅಲ್ಲಿಗೆ ಹೆಣ್ಣು ಕೊಟ್ಟವರನ್ನು, ಅದಕ್ಕಿಂತ ಹೆಚ್ಚಾಗಿ, ಕೊಡಲು ಹೋಗಿ ಚಹಾ ಕುಡಿದು ಹಿಂದೆ ಬಂದವರನ್ನು. ಸಂಬಂಧದ ವಿಚಾರಣೆಗೆ ಹೋದ ಹಿರಿಯರು ಒಂದು ಮಧ್ಯಾಹ್ನದಲ್ಲಿ ಸಂಗ್ರಹಿಸುವಷ್ಟು ಮಾಹಿತಿಯನ್ನು ಜನಗಣತಿಯವರು ಹತ್ತು ವರ್ಷಕ್ಕೊಮ್ಮೆ ಬಂದರೂ ಸಂಗ್ರಹಿಸಲಾರರು. 'ಊರ ಚಲೋ ಐತಿ, ಮಂದಿ ಮಾತ್ರ...' ಎಂದು ಅವರು ಅರ್ಧಕ್ಕೆ ನಿಲ್ಲಿಸುವ ಆ ವಾಕ್ಯದಲ್ಲಿ ಒಂದು ತಾಲೂಕಿನ ಪೂರ್ತಿ ಸ್ವಭಾವ ಅಡಗಿರುತ್ತದೆ. ಈ ವರದಿಯ ಬಹುಭಾಗ ಅಂಥ ಅರ್ಧ ವಾಕ್ಯಗಳನ್ನು ಆಧರಿಸಿದ್ದು.

ನಮಗಿಂತ ಮೊದಲು ಈ ಕೆಲಸ ಮಾಡಿದವರು ಇಂಗ್ಲಿಷರು. 1884ರಲ್ಲಿ ಹೊರಬಂದ ಮುಂಬೈ ಪ್ರಾಂತದ ಗ್ಯಾಜೆಟಿಯರಿನ 21ನೆಯ ಸಂಪುಟ ಬೆಳಗಾವಿ ಜಿಲ್ಲೆಯದು. ಅದರಲ್ಲಿ ಒಂದೊಂದು ಜಾತಿಗೂ ಗುಣ ಹಂಚಿದ್ದಾರೆ. ಇವರು ದುಡಿಮೆಗಾರರು, ಇವರು ಮಿತವ್ಯಯದವರು, ಇವರು ಶಿಸ್ತಿನವರು, ಇವರಿಗೆ ಕುಡಿತ ಹೆಚ್ಚು. ಕುದುರೆಯ ಮೇಲೆ ಕುಳಿತು ಇಷ್ಟು ನಿಖರವಾಗಿ ಗುಣ ಗುರುತಿಸುವುದು ಸಣ್ಣ ಸಾಧನೆಯಲ್ಲ. ಅವರ ಕೊರತೆಯೆಂದರೆ ಜಾತಿಯಲ್ಲಿ ನಿಂತುಬಿಟ್ಟರು, ತಾಲೂಕಿನವರೆಗೆ ಬರಲಿಲ್ಲ. ಆ ಕೊರತೆಯನ್ನು ಇಲ್ಲಿ ತುಂಬಲಾಗಿದೆ.

ಸರ್ವೆಗೆ ಮೊದಲು ಒಂದು ಪೂರ್ವಭಾವಿ ಪ್ರಶ್ನೆ ಇತ್ಯರ್ಥವಾಗಬೇಕು. ಬೆಂಗಳೂರಿನವರು ಮಲ್ಲೇಶ್ವರದವರ ಗುಣ ಬೇರೆ, ಜಯನಗರದವರ ಗುಣ ಬೇರೆ ಎಂದು ಬಹಳ ಹಿಂದಿನಿಂದ ವಾದಿಸುತ್ತ ಬಂದಿದ್ದಾರೆ. ಅವರಿಗೆ ಅನುಕೂಲವೆಂದರೆ ನಡುವೆ ಒಂದು ಮಹಾನಗರ ಇದೆ. ನಮ್ಮ ನಾಲ್ಕು ತಾಲೂಕುಗಳು ಯಾವ ಮಹಾನಗರದ ಹೊರವಲಯ? ಕಾಗದದ ಮೇಲೆ ಬೆಳಗಾವಿ. ಆದರೆ ಕೆಲಸ ಯಾವುದು ಎಂಬುದರ ಮೇಲೆ ಇದು ಬದಲಾಗುತ್ತದೆ. ಜಿಲ್ಲಾಧಿಕಾರಿಗೆ ಮನವಿ ಕೊಡುವುದಿದ್ದರೆ ಬೆಳಗಾವಿ. ಹೈಕೋರ್ಟಿನ ಪೀಠ ಇರುವುದು ಧಾರವಾಡದಲ್ಲಿ, ಆದ್ದರಿಂದ ಅಣ್ಣತಮ್ಮಂದಿರ ಜಗಳ ದೊಡ್ಡದಾದರೆ ಧಾರವಾಡ. ಲಗ್ನದ ಜವಳಿಗೆ ಹುಬ್ಬಳ್ಳಿ. ರಾಮದುರ್ಗದವರಿಗೆ ಬೆಳಗಾವಿಗಿಂತ ಬಾಗಲಕೋಟೆ ಹತ್ತಿರ, ಸವದತ್ತಿಯವರಿಗೆ ಧಾರವಾಡ ಹತ್ತಿರ. ಕಿತ್ತೂರು ಬೆಳಗಾವಿ ಮತ್ತು ಧಾರವಾಡದ ನಡುವೆ ಹೆದ್ದಾರಿಯ ಮೇಲೇ ನಿಂತಿದೆ, ಎತ್ತ ಹೋಗುವ ಬಸ್ಸು ಮೊದಲು ಬರುತ್ತದೋ ಅತ್ತಲಿನ ಉಪನಗರವಾಗುತ್ತದೆ.

ಇನ್ನು ಸ್ವಭಾವಕ್ಕೆ ಬರೋಣ.

ಕಿತ್ತೂರಿನ ಮೂಲಗುಣ ಕೊಡದಿರುವುದು. ಇದಕ್ಕೆ ಸಾಕ್ಷಿ ಗಟ್ಟಿಯಾಗಿದೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಸಂಸ್ಥಾನದ ಖಜಾನೆಯ ವಿಷಯ ಮಾತಾಡಲು ಫಿರಂಗಿ ಸಮೇತ ಕೋಟೆಯ ಬಾಗಿಲಿಗೆ ಬಂದ. ರಾಣಿ ಚೆನ್ನಮ್ಮ ಕೊಡಲಿಲ್ಲ. ಆಕೆಯ ಕಡೆಯ ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಅಲ್ಲೇ ಬಿದ್ದ. (ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಥ್ಯಾಕರೆಗೆ ಈತ ಚಿಕ್ಕಪ್ಪ. ಆ ಕಾದಂಬರಿಕಾರ ಮುಂದೆ ತನ್ನ ಊರಿನ ಒಣಜಂಬದವರ ಸ್ವಭಾವದ ಮೇಲೆ ಒಂದು ಇಡೀ ಪುಸ್ತಕ ಬರೆದ. ಚಿಕ್ಕಪ್ಪ ಬದುಕಿದ್ದರೆ ಕಿತ್ತೂರಿನವರ ಮೇಲೂ ಒಂದು ಅಧ್ಯಾಯ ಬರುತ್ತಿತ್ತೋ ಏನೋ.) ಕೊಡದಿರುವ ಈ ಗುಣ ಇಂದಿಗೂ ಇದೆಯೇ ಎಂದು ಪರೀಕ್ಷಿಸಲು ನಾವು ಹೆದ್ದಾರಿಯನ್ನು ಆರಿಸಿಕೊಂಡೆವು. ಕಪ್ಪ ಕೊಡಲಾರೆವೆಂದ ನಾಡಿನ ಮಂದಿ ಕಾರಿನಲ್ಲಿ ಬೆಳಗಾವಿಗೆ ಹೊರಟಾಗ ಹಿರೇಬಾಗೇವಾಡಿಯ ಟೋಲ್ ನಾಕಾದಲ್ಲಿ ಹಣ ಕೊಡುತ್ತಾರೆಯೇ? ಕೊಡುತ್ತಾರೆ. ಇದು ಸಿದ್ಧಾಂತಕ್ಕೆ ವಿರುದ್ಧವಲ್ಲವೇ ಎಂದರೆ, ಅಲ್ಲ. ಫಾಸ್ಟ್ಯಾಗ್ ಬಂದ ಮೇಲೆ ಕೊಟ್ಟದ್ದು ಕೊಟ್ಟವರಿಗೇ ಗೊತ್ತಾಗುವುದಿಲ್ಲ. ಗೊತ್ತಿಲ್ಲದೆ ಕೊಟ್ಟದ್ದನ್ನು ಸ್ವಭಾವ ಎನ್ನಲಾಗದು.

ಕಿತ್ತೂರಿನ ಇನ್ನೊಂದು ಗುಣ ಉತ್ತರಕ್ಕೆ ನೋಡುವುದು. ಹಾಳುಬಿದ್ದ ಅರಮನೆಯಲ್ಲಿ ಧ್ರುವನಕ್ಷತ್ರ ನೋಡಲು ಮಾಡಿದ ಕಿಂಡಿಯನ್ನು ಇವತ್ತಿಗೂ ಪ್ರವಾಸಿಗರಿಗೆ ತೋರಿಸುತ್ತಾರೆ. ಬೆಳಗಾವಿಯೂ ಹೆಚ್ಚೂಕಡಿಮೆ ಉತ್ತರಕ್ಕೇ ಇರುವುದರಿಂದ ಮಹಾನಗರದ ಸೆಳೆತ ಇಲ್ಲಿ ಅರಮನೆಯ ದೇಸಾಯರ ಕಾಲಕ್ಕೇ ಶುರುವಾಗಿತ್ತು ಎಂದು ತೀರ್ಮಾನಿಸಬಹುದು. ಶಾಲೆಗಳ ಸ್ನೇಹಸಮ್ಮೇಳನದಲ್ಲಿ ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು ರಟ್ಟಿನ ಕತ್ತಿ ಹಿಡಿದು ಕಪ್ಪ ಕೊಡೆನೆಂಬ ಚೆನ್ನಮ್ಮನ ಮಾತು ಹೇಳುವ ಪದ್ಧತಿಯೂ ಇದೆ. 1961ರಲ್ಲಿ ಬಿ.ಆರ್. ಪಂತುಲು ಅವರ ಸಿನಿಮಾದಲ್ಲಿ ಬಿ. ಸರೋಜಾದೇವಿ ಹೇಳಿದ ಮೇಲೆ ಆ ಮಾತು ಹೇಳದ ಊರು ಕರ್ನಾಟಕದಲ್ಲಿ ಉಳಿದಿಲ್ಲ. ಹಾಗಾಗಿ ಅದನ್ನು ಕಿತ್ತೂರಿನ ವಿಶೇಷ ಲಕ್ಷಣವೆಂದು ದಾಖಲಿಸಲಾಗದೆ ಬಿಡಬೇಕಾಯಿತು. ಹಾಗೆಯೇ 2021ರಿಂದ ಬೆಳಗಾವಿ ವಿಭಾಗದ ಏಳು ಜಿಲ್ಲೆಗಳಿಗೆ ಕಿತ್ತೂರು ಕರ್ನಾಟಕ ಎಂದು ಹೆಸರಿಟ್ಟಿದ್ದಾರೆ. ಅಂದರೆ ಬೀಳಗಿಯವರೂ ಕಾರವಾರದವರೂ ಈಗ ಕಿತ್ತೂರಿನವರೇ. ಅವರ ಗುಣವನ್ನೂ ಸೇರಿಸಿದರೆ ವರದಿ ಬಹಳ ದೊಡ್ಡದಾಗುತ್ತದೆ.

ಕಾರವಾರ ಎಂದಾಗ ನೆನಪಾಯಿತು. ಲೋಕಸಭೆ ಚುನಾವಣೆ ಬಂದಾಗ ಬೈಲಹೊಂಗಲ, ಸವದತ್ತಿ, ರಾಮದುರ್ಗದವರು ಬೆಳಗಾವಿ ಕ್ಷೇತ್ರಕ್ಕೆ ಮತ ಹಾಕುತ್ತಾರೆ. ಕಿತ್ತೂರಿನವರು ಮಾತ್ರ ಉತ್ತರ ಕನ್ನಡ ಕ್ಷೇತ್ರಕ್ಕೆ. ಕುಮಟೆ, ಭಟ್ಕಳದ ಮೀನುಗಾರರೂ ಶಿರಸಿಯ ಅಡಿಕೆ ತೋಟದವರೂ ಕಿತ್ತೂರಿನ ಕಬ್ಬಿನ ಗದ್ದೆಯವರೂ ಸೇರಿ ಒಬ್ಬರನ್ನು ಆರಿಸುತ್ತಾರೆ. ಆದ್ದರಿಂದ ಐದು ವರ್ಷಕ್ಕೊಮ್ಮೆ ಒಂದು ದಿನದ ಮಟ್ಟಿಗೆ ಕಿತ್ತೂರಿನವರಲ್ಲಿ ಕರಾವಳಿಯ ಗುಣ ಕಾಣಿಸಿಕೊಳ್ಳುತ್ತದೆ. ಸಂಜೆ ಆರಕ್ಕೆ ಮತದಾನ ಮುಗಿದ ಮೇಲೆ ತಾನಾಗಿ ಇಳಿಯುತ್ತದೆ.

ಬೈಲಹೊಂಗಲದ ಗುಣ ಕಾಯ್ದಿಡುವುದು. ಕಿತ್ತೂರಿನ ಕೋಟೆ ಬಿದ್ದ ಮೇಲೆ ಚೆನ್ನಮ್ಮನನ್ನು ಇಟ್ಟದ್ದು ಬೈಲಹೊಂಗಲದ ಕೋಟೆಯಲ್ಲಿ. 1829ರಲ್ಲಿ ಆಕೆ ತೀರಿಕೊಂಡದ್ದೂ ಇಲ್ಲೇ, ಸಮಾಧಿಯೂ ಇಲ್ಲೇ. ಹೀಗಾಗಿ ರಾಣಿಯ ಆಳ್ವಿಕೆ ಒಂದು ತಾಲೂಕಿಗೆ, ಸೆರೆವಾಸ ಇನ್ನೊಂದು ತಾಲೂಕಿಗೆ ಹಂಚಿಹೋಗಿದೆ. ಹುಟ್ಟೂರು ಕಾಕತಿ ಬೆಳಗಾವಿ ತಾಲೂಕಿನದು, ಈ ಸರ್ವೆಯ ವ್ಯಾಪ್ತಿಗೆ ಬಾರದು. ಸಂಗೊಳ್ಳಿ ರಾಯಣ್ಣನ ಊರೂ ಬೈಲಹೊಂಗಲದ ಪಾಲಿಗೆ, ಬೆಳವಡಿ ಮಲ್ಲಮ್ಮನ ಊರೂ ಬೈಲಹೊಂಗಲದ ಪಾಲಿಗೆ. ಉತ್ಸವಗಳನ್ನು ಲೆಕ್ಕಕ್ಕೆ ಹಿಡಿದರೆ ಕಿತ್ತೂರು ಒಂದು, ಬೈಲಹೊಂಗಲ ಎರಡು. ಸಂಗೊಳ್ಳಿ ಉತ್ಸವ ಜನವರಿಯಲ್ಲಿ ಬರುತ್ತದೆ, ಕಿತ್ತೂರು ಉತ್ಸವ ಅಕ್ಟೋಬರಿನಲ್ಲಿ. ನಡುವೆ ಇಷ್ಟು ತಿಂಗಳು ಅಂತರ ಇಟ್ಟದ್ದು ಶಾಮಿಯಾನದವರ ಅನುಕೂಲಕ್ಕೆಂದು ತೋರುತ್ತದೆ.

ಕಾಯ್ದಿಡುವ ಗುಣವನ್ನು ಇಲ್ಲಿನ ಪೇಟೆಯಲ್ಲಿ ಇನ್ನೂ ಚೆನ್ನಾಗಿ ನೋಡಬಹುದು. ಬೈಲಹೊಂಗಲ ಹತ್ತಿಯ ಊರು, ಜಿನ್ನಿಂಗ್ ಗಿರಣಿಗಳ ಊರು. ಎರಿ ಹೊಲದ ಹತ್ತಿ ಮನೆಗೆ ಬಂದ ಮೇಲೆ ಎರಡು ದಾರಿ: ಇವತ್ತೇ ಮಾರುವುದು, ಇಲ್ಲವೆ ದರ ಏರುವವರೆಗೆ ಇಟ್ಟುಕೊಳ್ಳುವುದು. ಇಟ್ಟುಕೊಂಡವರ ದರ ಇಳಿಯುತ್ತದೆ, ಮಾರಿದವರ ಮಾರನೆಯ ದಿನ ದರ ಏರುತ್ತದೆ. ಈಗ ಸೋಯಾಬೀನು ಬಂದು ಹತ್ತಿಯ ಜಾಗ ಸಾಕಷ್ಟು ತಿಂದಿದೆ, ಆದರೆ ಈ ನಿಯಮ ಸೋಯಾಕ್ಕೂ ಅನ್ವಯಿಸುತ್ತದೆ ಎಂಬುದು ಕಟ್ಟೆಯ ಮೇಲಿನ ಹಿರಿಯರ ಅಭಿಪ್ರಾಯ. 'ದರಾ ಹೆಂಗೈತಿ?' ಎಂಬುದು ಇಲ್ಲಿ ನಮಸ್ಕಾರಕ್ಕೆ ಪ್ರತಿಯಾಗಿ ಬಳಸುವ ಮಾತು. ಪಕ್ಕದ ತಾಲೂಕಿನವರು ಇದನ್ನು ಕೇಳಿ ಬೈಲಹೊಂಗಲದವರಿಗೆ ವ್ಯಾಪಾರ ಬಿಟ್ಟರೆ ಬೇರೆ ಮಾತಿಲ್ಲ ಎನ್ನುತ್ತಾರೆ. ಹಾಗೆ ಅಂದವರು ಟ್ರ್ಯಾಕ್ಟರಿನಲ್ಲಿ ಕುಳಿತು ಹೊರಟಿರುವುದು ಬೈಲಹೊಂಗಲದ ಪೇಟೆಗೇ.

ಇಲ್ಲೊಂದು ತಾಂತ್ರಿಕ ತೊಡಕಿದೆ, ಮುಚ್ಚಿಡುವುದು ತಜ್ಞನಿಗೆ ಶೋಭೆಯಲ್ಲ. ಕೊಡದ ಕಿತ್ತೂರು, ಕಾಯ್ದಿಡುವ ಬೈಲಹೊಂಗಲ ಎರಡೂ ಮೊನ್ನೆ ಮೊನ್ನೆಯವರೆಗೆ ಒಂದೇ ತಾಲೂಕು. ಕಿತ್ತೂರನ್ನು ಪ್ರತ್ಯೇಕ ತಾಲೂಕು ಮಾಡಿದ್ದು ಈಚೆಗೆ, ಒಟ್ಟಿನ ಮನೆಯ ಅಣ್ಣತಮ್ಮಂದಿರು ಬೇರೆಯಾಗಿ ಒಂದೇ ಉತಾರವನ್ನು ಎರಡು ಮಾಡಿಕೊಂಡ ಹಾಗೆ. ಹಾಗಾದರೆ ಅಲ್ಲಿಯವರೆಗೆ ಕಿತ್ತೂರಿನವರದು ಯಾವ ಗುಣ? ದಾಖಲೆಯ ಪ್ರಕಾರ ಬೈಲಹೊಂಗಲದ್ದು. ಆದೇಶದ ಹಿಂದಿನ ದಿನದವರೆಗೆ ದರ ಕೇಳುತ್ತಿದ್ದವರು ಮಾರನೆಯ ಬೆಳಿಗ್ಗೆ ಕತ್ತಿ ಹಿರಿದರು ಎಂದೇ ತಿಳಿಯಬೇಕು. ಇನ್ನೂ ಹಿಂದಕ್ಕೆ ಹೋದರೆ ತೊಡಕು ಬೆಳೆಯುತ್ತದೆ. ಇಂಗ್ಲಿಷರ ಕಾಲದಲ್ಲಿ ಬೈಲಹೊಂಗಲವೆಂಬ ತಾಲೂಕೇ ಇರಲಿಲ್ಲ. ತಾಲೂಕಿನ ಹೆಸರು ಸಂಪಗಾಂವ. ಆಗ ಕಿತ್ತೂರಿನವರೂ ಬೈಲಹೊಂಗಲದವರೂ ಒಟ್ಟಾಗಿ ಸಂಪಗಾಂವದ ಗುಣ ಹೊಂದಿದ್ದರು. ಅದು ಎಂಥದೆಂದು ಸಂಪಗಾಂವದಲ್ಲಿ ಕೇಳಿದರೆ, 'ನಮ್ ಮಂದಿ ಭಾಳ ಸಾದಾ ರೀ.'

ಸವದತ್ತಿಯ ಕಥೆ ಬೇರೆ. ಇಲ್ಲಿನ ಗುಣ ಕೊಟ್ಟುಬಿಡುವುದು, ಅದೂ ಹಿಂದೆಮುಂದೆ ನೋಡದೆ. ರಟ್ಟರ ಕಾಲದಲ್ಲಿ ಇದು ರಾಜಧಾನಿ, ಸುಗಂಧವರ್ತಿ ಎಂಬ ಚೆಂದದ ಹೆಸರಿತ್ತು. 13ನೆಯ ಶತಮಾನದ ಆರಂಭದಲ್ಲಿ ರಾಜಧಾನಿಯನ್ನು ಬೆಳಗಾವಿಗೆ ಕೊಟ್ಟುಬಿಟ್ಟರು. ಮುಂದೆ ತಾಲೂಕಿನ ಕಚೇರಿ ಬಂತು, ಆದರೆ ತಾಲೂಕಿನ ಹೆಸರನ್ನು ಗುಡ್ಡದ ಮೇಲಿನ ಪರಸಗಡಕ್ಕೆ ಕೊಟ್ಟು ಬಹಳ ಕಾಲ ಸುಮ್ಮನಿದ್ದರು. ಇದೇ ತಾಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯಿ 1906ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನೆಲ್ಲ ಮಕ್ಕಳ ಓದಿಗೆ ಬರೆದಿಟ್ಟು ಹೋದರು. ಅವರ ಹೆಸರಿನ ಕಾಲೇಜು ಎದ್ದದ್ದು ಬೆಳಗಾವಿಯಲ್ಲಿ. 1970ರ ದಶಕದಲ್ಲಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಮುಗಿಯಿತು. ನೆಲ ಸವದತ್ತಿಯದು, ಕಾಲುವೆ ಹೋದದ್ದು ನವಲಗುಂದ, ನರಗುಂದಕ್ಕೆ, ಕುಡಿಯುವ ನೀರು ಹೋದದ್ದು ಹುಬ್ಬಳ್ಳಿ–ಧಾರವಾಡಕ್ಕೆ. ಹುಬ್ಬಳ್ಳಿಯಲ್ಲಿ ನಳ ಬಾರದ ದಿನ ಅಲ್ಲಿನವರು ಬೈಯುವುದು ಮಾತ್ರ ತಮ್ಮ ಪಾಲಿಕೆಯನ್ನು. ಸವದತ್ತಿಗೆ ಬೈಗುಳವೂ ದಕ್ಕಿಲ್ಲ.

ಕೊಡುವ ಈ ಗುಣಕ್ಕೆ ಮೂಲ ಎಲ್ಲಮ್ಮನ ಗುಡ್ಡದ ಮೇಲಿದೆ ಎಂದು ಎಲ್ಲರೂ ಒಪ್ಪುತ್ತಾರೆ. ಇಲ್ಲಿನ ವಿಧಾನಸಭಾ ಕ್ಷೇತ್ರದ ಅಧಿಕೃತ ಹೆಸರೇ ಸವದತ್ತಿ ಎಲ್ಲಮ್ಮ. ದೇವಿಯ ಹೆಸರು ಸೇರಿರುವ ಕ್ಷೇತ್ರದಲ್ಲಿ ಠೇವಣಿ ಕಳೆದುಕೊಂಡ ಅಭ್ಯರ್ಥಿ ಯಾರನ್ನೂ ದೂರುವಂತಿಲ್ಲ. ಬನದ ಹುಣ್ಣಿವೆ, ಭರತ ಹುಣ್ಣಿವೆ, ದವನದ ಹುಣ್ಣಿವೆ ಬಂದರೆ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ, ಟ್ರ್ಯಾಕ್ಟರು, ಮಹಾರಾಷ್ಟ್ರದ ಬಸ್ಸು ಸಾಲುಗಟ್ಟುತ್ತವೆ. ಜೋಗುಳಬಾವಿಯಲ್ಲಿ ಮಿಂದು, ಬೇವಿನುಡಿಗೆಯ ಕಾಲ ಮುಗಿದರೂ ಬೇವಿನ ಎಲೆ ಕೈಯಲ್ಲಿ ಹಿಡಿದು, 'ಉಧೋ ಉಧೋ' ಎನ್ನುತ್ತ ಹತ್ತುವ ಮಂದಿ. ಗುಡ್ಡದ ಮೇಲೆ ಮೂರು ಕಲ್ಲಿನ ಒಲೆ ಹೂಡಿ ಹೋಳಿಗೆ, ಕಡಬು, ಬದನೆಕಾಯಿ ಪಲ್ಲೆ ಮಾಡಿ ಪರಡಿ ತುಂಬುತ್ತಾರೆ. ನಾಲ್ಕು ತಾಲೂಕಿನವರನ್ನು ಒಂದೇ ಕಡೆ ನಿಲ್ಲಿಸಿ ಹೋಲಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗದೆಂದು ನಾವು ಕಡ್ಡಿ ಕಾಗದ ಹಿಡಿದು ಹೋದೆವು. ಪ್ರಯೋಗ ಕೈಗೂಡಲಿಲ್ಲ. ಹಣೆ, ಕೆನ್ನೆ, ಕುತ್ತಿಗೆಗೆ ಭಂಡಾರ ಬಡಿದುಕೊಂಡ ಮೇಲೆ ರಾಮದುರ್ಗದವರು ಯಾರು, ಕಿತ್ತೂರಿನವರು ಯಾರು ಎಂದು ಗುರುತು ಹತ್ತುವುದಿಲ್ಲ. ಎಲ್ಲರೂ ಹಳದಿ. ಎಲ್ಲರೂ ಪಕ್ಕದವರಿಗೆ ಎಲೆ ಹಾಕಿ 'ಉಣ್ರೀ, ನಾಚಬ್ಯಾಡ್ರಿ' ಎನ್ನುತ್ತಾರೆ. ಮುಂದಿನ ಸಂಶೋಧಕರ ಅನುಕೂಲಕ್ಕಾಗಿ ತಾಲೂಕಿಗೊಂದು ಬಣ್ಣದ ಭಂಡಾರ ಒದಗಿಸುವುದು ಒಳ್ಳೆಯದೆಂದು ಸಂಬಂಧಪಟ್ಟವರಿಗೆ ಶಿಫಾರಸು ಮಾಡಲಾಗಿದೆ.

ರಾಮದುರ್ಗದವರದು ಮುನ್ನೆಚ್ಚರಿಕೆಯ ಗುಣ. ತಾಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳ ಇದೆ, ರಾಮನಿಗಾಗಿ ಶಬರಿ ಕಾದ ಜಾಗ ಇದೇ ಎಂದು ಇಲ್ಲಿನವರ ನಂಬಿಕೆ. ಬಾರೆ ಹಣ್ಣನ್ನು ಮೊದಲು ತಾನು ಕಚ್ಚಿ ನೋಡಿ, ಸಿಹಿಯೆಂದು ಖಾತ್ರಿಯಾದ ಮೇಲೇ ಅತಿಥಿಗೆ ಕೊಟ್ಟವಳು ಆಕೆ. ಮುಂದೆ ರಾಮದುರ್ಗ ಭಾವೆ ಮನೆತನದ ಸಂಸ್ಥಾನವಾಯಿತು. 1858ರ ಮೇ ತಿಂಗಳಲ್ಲಿ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ಇಲ್ಲಿಗೆ ಬಂದಾಗ ರಾಮದುರ್ಗದ ಒಡೆಯ, ಇಂಗ್ಲಿಷರ ಮೇಲೆ ಬಂಡೆದ್ದ ನರಗುಂದದ ಬಾಬಾಸಾಹೇಬನಿಗೆ ತಾನೇ ಮಲಸಹೋದರನಾಗಿದ್ದೂ, ನರಗುಂದದ ಕಡೆ ಹೋಗಬೇಡಿ ಎಂದು ಬುದ್ಧಿ ಹೇಳಿದ. ಮ್ಯಾನ್ಸನ್ ಹೊರಟು ಸುರೇಬಾನದಲ್ಲಿ ತಂಗಿದ. ಆ ರಾತ್ರಿಯೇ ಬಾಬಾಸಾಹೇಬನ ಮಂದಿ ಬಂದು ಅವನ ತಲೆ ತೆಗೆದುಕೊಂಡು ನರಗುಂದಕ್ಕೆ ಹೋದರು. ಅಂದಿನಿಂದ 'ನಾ ಮದ್ಲ ಹೇಳಿದ್ನಿಲ್ಲೋ' ಎನ್ನುವ ಹಕ್ಕು ರಾಮದುರ್ಗದವರಿಗೆ ವಂಶಪಾರಂಪರ್ಯವಾಗಿ ಬಂದಿದೆ. ಬೀಗರ ಮನೆಯಲ್ಲಿ ಅದನ್ನು ಅವರು ಧಾರಾಳವಾಗಿ ಬಳಸುತ್ತಾರೆಂದು ಸವದತ್ತಿಯಿಂದ ವರದಿಗಳು ಬಂದಿವೆ. 1939ರಲ್ಲಿ ಇದೇ ಸಂಸ್ಥಾನದಲ್ಲಿ ಪ್ರಜೆಗಳ ಹೋರಾಟ ಕೈಮೀರಿ ರಕ್ತ ಹರಿಯಿತಲ್ಲ, ಅದು ಮುನ್ನೆಚ್ಚರಿಕೆಗೆ ಹೊಂದುವುದಿಲ್ಲ. ಆದ್ದರಿಂದ ಆ ಘಟನೆಯನ್ನು ಕೋಷ್ಟಕದ ಹೊರಗೆ ಇಡಲಾಗಿದೆ.

ಇಷ್ಟೆಲ್ಲ ಮುನ್ನೆಚ್ಚರಿಕೆಯ ಊರಿಗೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಒಳಗೇ ಬಂದಳು. ಮೇಲೆ ಸವದತ್ತಿಯ ಅಣೆಕಟ್ಟು ತುಂಬಿದರೆ ಕೆಳಗೆ ರಾಮದುರ್ಗದ ಓಣಿಗಳು ತುಂಬುತ್ತವೆ. ನೇಕಾರರ ಮಗ್ಗದ ಕುಣಿಯಲ್ಲಿ ಹೊಳೆನೀರು ನಿಂತಿತು, ಹಾಸಿಗೆ ಹೂಡಿದ್ದ ನೂಲು ರಾಡಿಯಾಯಿತು. ಕೊಟ್ಟುಬಿಡುವ ಗುಣದ ತಾಲೂಕಿನ ಕೆಳಗೆ ವಾಸ ಮಾಡುವವರು ಎಷ್ಟು ಎಚ್ಚರವಿದ್ದರೂ ಅಷ್ಟೆ.

ಈ ಹೊಳೆಯೇ ನಮ್ಮ ಸರ್ವೆಗೆ ದೊಡ್ಡ ಅಡ್ಡಿ. ಕಣಕುಂಬಿಯಲ್ಲಿ ಹುಟ್ಟಿ, ಕಿತ್ತೂರ ಬದಿಯ ಎಂ.ಕೆ. ಹುಬ್ಬಳ್ಳಿಯಲ್ಲಿ ಬಸವಣ್ಣನ ಮಡದಿ ಗಂಗಾಂಬಿಕೆಯ ಐಕ್ಯಸ್ಥಳವನ್ನು ಬಳಸಿ, ಸಂಗೊಳ್ಳಿಯ ಪಕ್ಕ ಹಾಯ್ದು, ನವಿಲುತೀರ್ಥದ ಕೊಳ್ಳ ಇಳಿದು, ರಾಮದುರ್ಗ ಮುಟ್ಟುವ ಅದೇ ನೀರನ್ನು ನಾಲ್ಕೂ ತಾಲೂಕಿನವರು ಕುಡಿಯುತ್ತಾರೆ. ನೀರಿನಂತೆ ಗುಣ ಎಂದು ಹಿರಿಯರು ಹೇಳಿದ್ದು ನಿಜವಾದರೆ ಈ ಶಾಸ್ತ್ರದ ಗತಿ ಏನು? ನದಿ ಒಂದು ತಾಲೂಕು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ತನ್ನ ಹಳೆಯ ಗುಣವನ್ನು ಗಡಿಯಲ್ಲೇ ಇಳಿಸಿ ಹೋಗುತ್ತದೆ ಎಂದು ಊಹಿಸಿ ಮುಂದುವರಿಯಲಾಗಿದೆ. ಇನ್ನು ಮಹದಾಯಿಯ ನೀರು ಮಲಪ್ರಭೆಗೆ ಬರಲಿ ಎಂದು ಕಾಯುವ ವಿಷಯದಲ್ಲಿ ನಾಲ್ಕು ತಾಲೂಕಿನವರಲ್ಲಿ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ. ನ್ಯಾಯಮಂಡಳಿ 2018ರಲ್ಲೇ ತೀರ್ಪು ಕೊಟ್ಟಿತು. ಕಾಯುವುದು ಅದಕ್ಕಿಂತ ಮೊದಲೂ ಇತ್ತು, ಆಮೇಲೂ ಇದೆ.

ಸಮಾನ ಗುಣ ಇನ್ನೊಂದಿದೆ: ಇವುಗಳಲ್ಲಿ ಯಾವ ಊರಿಗೂ ರೈಲಿಲ್ಲ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ದಿನಾಲೂ ಓಡುತ್ತದೆ, ಕಿತ್ತೂರಿಗೆ ಬರುವುದಿಲ್ಲ. ಅದು ಹೊರಡುವ ಬೆಂಗಳೂರಿನ ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರು, ಸಂಗೊಳ್ಳಿಯಲ್ಲಿ ನಿಲ್ದಾಣ ಇಲ್ಲ. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಹಳಿ ಹಾಕುವುದೆಂದು ಗೊತ್ತಾಗಿದೆ. ಹಳಿ ಬಂದರೆ ಕಿತ್ತೂರಿನವರ ಗುಣ ಮತ್ತೆ ಬದಲಾಗಿ ಈ ವರದಿಯನ್ನು ತಿದ್ದಬೇಕಾಗುವುದು ಎಂಬ ಆತಂಕ ನಮಗಿದೆ. ಸದ್ಯಕ್ಕೆ ಆತಂಕಕ್ಕೆ ಅವಸರವಿಲ್ಲ.

ಅವಸರ ಇರುವುದು ಜಿಲ್ಲೆಯ ವಿಷಯದಲ್ಲಿ. ಬೆಳಗಾವಿ ಜಿಲ್ಲೆ ಬಹಳ ದೊ‍ಡ್ಡದು, ಒಡೆಯಬೇಕು ಎಂಬ ಮಾತು ಹಳೆಯದು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಚಿಕ್ಕೋಡಿ, ಗೋಕಾಕ ಜಿಲ್ಲೆಗಳನ್ನು ಘೋಷಿಸಿ ಹಿಂದೆ ತೆಗೆದುಕೊಂಡಿತು. ಬೈಲಹೊಂಗಲದವರು ಉಪವಿಭಾಗ ನಮ್ಮದು, ಜಿಲ್ಲೆಯೂ ನಮಗೇ ಬರಬೇಕು ಎನ್ನುತ್ತಾರೆ. ಚೆನ್ನಮ್ಮನ ಹೆಸರಿನ ಜಿಲ್ಲೆ ಎಂದರೆ ಕಿತ್ತೂರಿನವರೂ ಬೇಡವೆನ್ನಲಾರರು, ಕಚೇರಿ ಎಲ್ಲಿ ಎಂಬ ಮಾತು ಬರುವವರೆಗೆ. ನಾಲ್ಕೂ ತಾಲೂಕು ಸೇರಿ ಒಂದು ಜಿಲ್ಲೆಯಾದರೆ ಕೊಡದ ಗುಣ, ಕಾಯ್ದಿಡುವ ಗುಣ, ಕೊಟ್ಟುಬಿಡುವ ಗುಣ, ಎಚ್ಚರದ ಗುಣ ಎಲ್ಲ ಕೂಡಿ ಏನಾದೀತು ಎಂದು ಹಲವರು ನಮ್ಮನ್ನು ಕೇಳಿದ್ದಾರೆ. ಲೆಕ್ಕ ಹಾಕಿ ನೋಡಿದ್ದೇವೆ. ಸಾದಾ ಮಂದಿ ಆಗುತ್ತಾರೆ.

ವರದಿಯ ಕರಡು ಮುಗಿಸಿ ಕೋಷ್ಟಕಕ್ಕೆ ಗೆರೆ ಎಳೆಯುವ ಹೊತ್ತಿಗೆ ಒಂದು ಸಂಗತಿ ಗಮನಕ್ಕೆ ತರಲಾಯಿತು. ಸವದತ್ತಿ ತಾಲೂಕನ್ನು ಒಡೆದು ಯರಗಟ್ಟಿ ಎಂಬ ಹೊಸ ತಾಲೂಕು ಮಾಡಿ ಆಗಲೇ ಕೆಲವು ವರ್ಷ ಆಗಿದೆಯಂತೆ. ಯರಗಟ್ಟಿಗೆ ತಹಶೀಲ್ದಾರರು ಇದ್ದಾರೆ, ಸ್ವಂತ ಗುಣ ಇನ್ನೂ ನಿಗದಿಯಾಗಿಲ್ಲ. ಸುತ್ತಲಿನ ಬೀಗರಿಂದ ಅಭಿಪ್ರಾಯ ಆಹ್ವಾನಿಸಲಾಗಿದೆ. ಅವು ಕೈಸೇರಿ, ಪರಿಶೀಲನೆ ಮುಗಿದು, ಆದೇಶ ಹೊರಡುವವರೆಗೆ ಯರಗಟ್ಟಿಯ ಸಮಸ್ತ ನಾಗರಿಕರು ತಾತ್ಪೂರ್ತಿಕವಾಗಿ ಸವದತ್ತಿಯ ಸ್ವಭಾವದಲ್ಲಿಯೇ ಮುಂದುವರಿಯತಕ್ಕದ್ದು.